ಉತ್ತರನ ನಡುಕ, ಅರ್ಜುನನ ನಡುಕ

ರೋಗಗಳಲ್ಲಿಯೂ ಮರ್ಯಾದಸ್ಥ ರೋಗಗಳು, ಮರ್ಯಾದೆಯಿಲ್ಲದ ರೋಗಗಳು ಎಂದು ಎರಡು ಜಾತಿಗಳುಂಟು. ಹೊನ್ನಾಳಿ ತಾಲ್ಲೂಕಿನ ನಮ್ಮ ಸಾಸ್ವೆಹಳ್ಳಿಯ ಯಾವ ಹೋಟೆಲಿನ ಬೆಂಚಿನ ಮೇಲೆ ಅರ್ಧ ಗಂಟೆ ಕೂತರೂ ಈ ಭೇದ ತಿಳಿಯುತ್ತದೆ. ಸಕ್ಕರೆ ಕಾಯಿಲೆಯವರು ತಮ್ಮ ಚಹಾಕ್ಕೆ ಸಕ್ಕರೆ ಬೇಡವೆಂದು ಗಟ್ಟಿಯಾಗಿಯೇ ಕೂಗಿ ಹೇಳುತ್ತಾರೆ. ರಕ್ತದೊತ್ತಡದವರು ತಮ್ಮ ಮೇಲಿನ ಅಂಕಿ, ಕೆಳಗಿನ ಅಂಕಿ ಎರಡನ್ನೂ ಅಡಿಕೆಯ ಧಾರಣೆಯನ್ನು ಹೇಳುವಷ್ಟೇ ಸಲೀಸಾಗಿ ಹೇಳುತ್ತಾರೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದವರ ಸುತ್ತ ಜನ ಸೇರುತ್ತಾರೆ, ಅವರ ಮಾತಿಗೆ ಒಂದು ತೂಕವೂ ಬರುತ್ತದೆ. ಆದರೆ ‘ನನಗೆ ಕಾರಣವಿಲ್ಲದೆ ಎದೆ ನಡುಗುತ್ತದೆ, ಸಂತೆಗೆ ಹೋಗಲು ಭಯವಾಗುತ್ತದೆ’ ಎಂದು ಆ ಬೆಂಚಿನ ಮೇಲೆ ಯಾರಾದರೂ ಹೇಳಿದ್ದನ್ನು ನಾನು ಈ ಅರವತ್ತೆಂಟು ವರ್ಷಗಳಲ್ಲಿ ಕೇಳಿಲ್ಲ. ಅಂಥವರು ಊರಿನಲ್ಲಿ ಇಲ್ಲವೆಂದಲ್ಲ. ಇದ್ದಾರೆ, ನಾನೇ ಒಬ್ಬನಿದ್ದೇನೆ.

ಮೂರು ದಶಕ ಕನ್ನಡ ಪಾಠ ಹೇಳಿದವನಾದ್ದರಿಂದ ನನ್ನ ಕಣ್ಣು ಮೊದಲು ಹೋಗುವುದು ಪದಗಳ ಕಡೆಗೆ. ಭಯದ ವಿಷಯದಲ್ಲಿ ನಮ್ಮ ನುಡಿ ಬಡವಾದುದಲ್ಲ. ಅಂಜಿಕೆ, ಅಳುಕು, ದಿಗಿಲು, ಗಾಬರಿ, ಕಳವಳ, ತಳಮಳ, ತಲ್ಲಣ ಎಂದು ಒಂದೊಂದಕ್ಕೂ ಒಂದೊಂದು ಬಣ್ಣವಿದೆ. ಅಳುಕು ಹೆಜ್ಜೆಯಲ್ಲಿ ಕಾಣುತ್ತದೆ. ದಿಗಿಲು ಒಮ್ಮೆಗೇ ಬಂದು ಬಡಿಯುತ್ತದೆ. ತಳಮಳ ಹೊಟ್ಟೆಯಲ್ಲಿ ಹುಟ್ಟುತ್ತದೆ. ಈಗ ವೈದ್ಯರು ಈ ಕಾಯಿಲೆಗೆ ಬಳಸುವ ಆತಂಕ ಎಂಬ ಪದವಂತೂ ಬಹಳ ಹಳೆಯದು. ಚರಕ ಸಂಹಿತೆಯಲ್ಲಿ ರೋಗಕ್ಕೆ ಇರುವ ಪರ್ಯಾಯ ಪದಗಳನ್ನು ಹೇಳುವಲ್ಲಿ ವ್ಯಾಧಿ, ಆಮಯ, ಗದ ಇವುಗಳ ಸಾಲಿನಲ್ಲಿಯೇ ಆತಂಕವೂ ಬರುತ್ತದೆ. ಹಾಗೆಂದರೆ ಆತಂಕವೊಂದು ರೋಗವೆಂದು ಒಪ್ಪಲು ನಾವು ಪಶ್ಚಿಮದ ಕಡೆ ನೋಡಬೇಕಾಗಿಯೇ ಇರಲಿಲ್ಲ. ಆದರೆ ಅನುಭವಕ್ಕೆ ಇಷ್ಟೆಲ್ಲ ಹೆಸರಿಟ್ಟ ಭಾಷೆ, ಅದನ್ನು ಅನುಭವಿಸುವ ಮನುಷ್ಯನ ವಿಷಯದಲ್ಲಿ ಕಠಿಣವಾಗಿಬಿಡುತ್ತದೆ. ಅವನು ಪುಕ್ಕಲ, ಹೇಡಿ, ಅಳ್ಳೆದೆಯವನು, ಅಂಜುಬುರುಕ. ಗಮನಿಸಿ: ಜ್ವರಬುರುಕ ಎಂಬ ಪದ ಕನ್ನಡದಲ್ಲಿಲ್ಲ.

ಆದ್ದರಿಂದಲೇ ನಮ್ಮ ಜನ ಈ ಕಾಯಿಲೆಗೆ ಎರವಲು ಬಟ್ಟೆಗಳನ್ನು ತೊಡಿಸಿದ್ದಾರೆ. ಎದೆ ಡವಗುಟ್ಟಿದರೆ ‘ಗ್ಯಾಸು ಎದೆಗೇರಿದೆ’. ಕಾಲು ಸೋತರೆ ‘ವೀಕ್‌ನೆಸ್’, ಅದಕ್ಕೊಂದು ಗ್ಲೂಕೋಸ್ ಬಾಟಲಿ. ನಿದ್ದೆ ಬಾರದಿದ್ದರೆ ‘ಸ್ವಲ್ಪ ಟೆನ್ಷನ್’. ಹಿಂದಿನವರು ‘ಗಾಳಿ ಸೋಕಿದೆ’ ಎನ್ನುತ್ತಿದ್ದರು. ನಿವಾಳಿಸಿ, ತಾಯತ ಕಟ್ಟಿಸಿ, ಮೂರು ದಾರಿ ಕೂಡುವಲ್ಲಿ ಏನಾದರೊಂದು ಇಟ್ಟು ಬರುತ್ತಿದ್ದರು. ತಾಯತದಿಂದ ರೋಗ ಹೋಗುತ್ತಿತ್ತೆಂದು ನಾನು ಹೇಳಲಾರೆ. ಆದರೆ ಆ ವಿವರಣೆಯಲ್ಲಿ ಒಂದು ದಯೆ ಇತ್ತು: ತಪ್ಪು ಊರಾಚೆಯ ಹುಣಸೆಮರದ ಮೇಲೆ ಹೋಗುತ್ತಿತ್ತು, ನಡುಗುತ್ತಿದ್ದವನ ಮೇಲೆ ಬರುತ್ತಿರಲಿಲ್ಲ. ಮರ ಬಿಟ್ಟು ಮನಸ್ಸಿಗೆ ಬಂದ ನಾವು ಆ ದಯೆಯನ್ನು ಮರದಲ್ಲಿಯೇ ಬಿಟ್ಟು ಬಂದೆವೇನೋ ಎಂದು ನನಗೆ ಎಷ್ಟೋ ವೇಳೆ ಅನ್ನಿಸುತ್ತದೆ.

ನಾಚಿಕೆಯ ಮಾತಿಗೆ ಬರುವ ಮುನ್ನ ದೇಹದಲ್ಲಿ ನಡೆಯುವುದೇನೆಂದು ನೋಡುವುದು ಮೇಲು. ಮೆದುಳಿನ ಆಳದಲ್ಲಿ, ಎಡಕ್ಕೊಂದು ಬಲಕ್ಕೊಂದು, ಬಾದಾಮಿಯ ಆಕಾರದ ಪುಟ್ಟ ಭಾಗಗಳಿವೆ. ಅವುಗಳ ಅಮಿಗ್ಡಲ ಎಂಬ ಹೆಸರಿಗೂ ಗ್ರೀಕ್ ಭಾಷೆಯಲ್ಲಿ ಬಾದಾಮಿ ಎಂದೇ ಅರ್ಥ. ಅಪಾಯದ ಸುಳಿವು ಸಿಕ್ಕ ಕೂಡಲೆ, ವಿವೇಚನೆ ಎಚ್ಚೆತ್ತುಕೊಳ್ಳುವುದಕ್ಕೆ ಮೊದಲೇ, ಈ ಭಾಗ ಗಂಟೆ ಬಾರಿಸುತ್ತದೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಓಡುವುದಕ್ಕೋ ಹೋರಾಡುವುದಕ್ಕೋ ಸಿದ್ಧವಾಗಲೆಂದು ಹೃದಯ ವೇಗವಾಗಿ ಬಡಿದು ಕೈಕಾಲುಗಳಿಗೆ ರಕ್ತ ನೂಕುತ್ತದೆ, ಉಸಿರು ಬಿರುಸಾಗುತ್ತದೆ, ಜೀರ್ಣದ ಕೆಲಸ ನಿಂತು ಬಾಯಿ ಒಣಗುತ್ತದೆ, ಮೈ ಬೆವರುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಏರ್ಪಾಟನ್ನು ಸವಿಸ್ತಾರವಾಗಿ ವಿವರಿಸಿದ್ದಾನೆ. ಗದ್ದೆಯ ಬದುವಿನಲ್ಲಿ ಹಾವು ಕಂಡಾಗ ನಮ್ಮನ್ನು ಉಳಿಸುವುದು ಇದೇ. ಆತಂಕದ ಕಾಯಿಲೆಯಲ್ಲಿ ಆಗುವುದಿಷ್ಟು: ಹಾವಿಲ್ಲದಾಗಲೂ ಗಂಟೆ ಬಾರಿಸುತ್ತದೆ. ಗಂಟೆ ಸುಳ್ಳು, ಆದರೆ ಸದ್ದು ನಿಜ. ಉಸಿರು ಅತಿಯಾಗಿ ಬಿರುಸಾದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಬೆರಳ ತುದಿ ಜುಮುಗುಟ್ಟುತ್ತದೆ, ತಲೆ ಹಗುರಾಗುತ್ತದೆ. ಸತ್ತೇಹೋದೆನೆಂದು ರೋಗಿಗೆ ಅನ್ನಿಸುವುದು ಆಗಲೇ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಅದರ ಉಬ್ಬರ ಶಿಖರ ಮುಟ್ಟಿ ಅನಂತರ ಇಳಿಯತೊಡಗುತ್ತದೆ. ಎದೆನೋವು ಬಂದಾಗ ಹೃದಯವನ್ನು ಮೊದಲು ಪರೀಕ್ಷೆ ಮಾಡಿಸಲೇಬೇಕು. ಆ ಮಾತಿನಲ್ಲಿ ರಾಜಿಯಿಲ್ಲ. ನಾನು ಹೇಳುತ್ತಿರುವುದು ಪರೀಕ್ಷೆ ಮುಗಿದ ಮೇಲಿನ ಕಥೆಯನ್ನು.

ಆ ಕಥೆ ಆರಂಭವಾಗುವುದು ‘ಏನೂ ಇಲ್ಲ’ ಎಂಬ ಎರಡು ಪದಗಳಿಂದ. 1993ರ ಬೇಸಗೆಯಲ್ಲಿ ಶಿವಮೊಗ್ಗಕ್ಕೆ ಹೊರಟ ಬಸ್ಸಿನಲ್ಲಿ ನನಗೆ ಇದು ಮೊದಲ ಸಲ ಬಂತು. ಆಗಿನ್ನೂ ಹೊನ್ನಾಳಿ ಶಿವಮೊಗ್ಗ ಜಿಲ್ಲೆಗೆ ಸೇರಿತ್ತು, ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಬಸ್ಸು ಕಿಕ್ಕಿರಿದಿತ್ತು. ಎದೆ ಒಮ್ಮೆಗೇ ಕುದುರೆಯಂತೆ ಓಡತೊಡಗಿತು, ಉಸಿರು ಸಾಲದಾಯಿತು. ನಡುದಾರಿಯಲ್ಲಿಯೇ ಇಳಿದು ಒಂದು ಮಾವಿನಮರದ ಕೆಳಗೆ ಕುಳಿತೆ. ಆಮೇಲೆ ಒಂದು ಊರಿನ ಆಸ್ಪತ್ರೆಯಲ್ಲಿ ಹೃದಯದ ಪರೀಕ್ಷೆಯಾಯಿತು, ರಕ್ತದ ಪರೀಕ್ಷೆಯಾಯಿತು. ಡಾಕ್ಟರು ಕಾಗದ ಮಡಿಸಿ ಕೊಡುತ್ತ, ‘ಏನೂ ಇಲ್ಲ ಮೇಷ್ಟ್ರೇ, ಸುಮ್ನೆ ಮನಸ್ಸಿಗೆ ಹಚ್ಕೊಂಡೀರಿ’ ಎಂದರು. ಅವರ ಅಭಿಪ್ರಾಯದಲ್ಲಿ ಅದು ಶುಭವಾರ್ತೆ. ಆದರೆ ಆ ಮಾತು ಮನೆ ಸೇರುವಷ್ಟರಲ್ಲಿ ಅರ್ಥವನ್ನೇ ಬದಲಿಸಿಕೊಂಡಿತ್ತು. ಹೃದಯದಲ್ಲಿ ಏನೂ ಇಲ್ಲ ಎಂಬುದು ಕಾಯಿಲೆಯೇ ಇಲ್ಲ ಎಂದಾಯಿತು. ಕಾಯಿಲೆಯೇ ಇಲ್ಲವಾದ ಮೇಲೆ ಇದು ನೆವ ಎಂದಾಯಿತು. ನೆವವೆಂದ ಮೇಲೆ ಅದಕ್ಕೊಂದು ಉದ್ದೇಶವನ್ನೂ ಹುಡುಕಬೇಕಷ್ಟೆ. ಮೇಷ್ಟ್ರಿಗೆ ಮೌಲ್ಯಮಾಪನದ ಕೆಲಸ ತಪ್ಪಿಸಿಕೊಳ್ಳಬೇಕಿತ್ತು ಎಂದು ಊರಿನ ಒಬ್ಬ ಹಿರಿಯರು ತೀರ್ಪು ಕೊಟ್ಟರು.

ಇಲ್ಲಿಂದ ಮುಂದಿನದು ಎರಡನೆಯ ಕಾಯಿಲೆ. ಮೊದಲನೆಯದು ಹತ್ತು ನಿಮಿಷ ಇದ್ದು ಹೋಗುತ್ತದೆ. ಎರಡನೆಯದು ದಿನದ ಇಪ್ಪತ್ತನಾಲ್ಕು ಗಂಟೆಯೂ ಇರುತ್ತದೆ. ಅದರ ಹೆಸರು ನಾಚಿಕೆ. ಸಮಾಜಶಾಸ್ತ್ರಜ್ಞರು ಬಳಸುವ ಸ್ಟಿಗ್ಮ ಎಂಬ ಪದ ಗ್ರೀಕರದು. ಗುಲಾಮರು, ಅಪರಾಧಿಗಳು, ದ್ರೋಹಿಗಳು ಎಂದು ದೂರದಿಂದಲೇ ತಿಳಿಯಲೆಂದು ಮೈಮೇಲೆ ಕೊಯ್ದು ಅಥವಾ ಸುಟ್ಟು ಮಾಡುತ್ತಿದ್ದ ಗುರುತು ಅದು. ನಾವು ಕಳಂಕ ಎನ್ನುತ್ತೇವೆ. ಎರ್ವಿಂಗ್ ಗಾಫ್‌ಮನ್ ಎಂಬ ವಿದ್ವಾಂಸ 1963ರಲ್ಲಿ ಈ ವಿಷಯವಾಗಿ ಬರೆದ ಪುಸ್ತಕದಲ್ಲಿ ಒಂದು ಸೂಕ್ಷ್ಮವಾದ ಭೇದವನ್ನು ತೋರಿಸುತ್ತಾನೆ. ಕೆಲವರ ಕಳಂಕ ಎಲ್ಲರಿಗೂ ಕಾಣುತ್ತದೆ. ಅವರ ಕಷ್ಟ, ಎದುರಿಗಿರುವವರ ಕಣ್ಣನ್ನು ಎದುರಿಸುವುದು. ಇನ್ನು ಕೆಲವರದು ಕಾಣುವುದಿಲ್ಲ, ಆದರೆ ಯಾವ ಗಳಿಗೆಯಲ್ಲಾದರೂ ಕಂಡುಬಿಡಬಹುದು. ಅವರ ಕಷ್ಟವೆಂದರೆ ಸುದ್ದಿಯನ್ನು ಕಾಯುವುದು: ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ, ಯಾರಿಗೆ ಎಷ್ಟು ಹೇಳಿದ್ದೇನೆ ಎಂಬ ಲೆಕ್ಕವನ್ನು ಸದಾ ತಲೆಯಲ್ಲಿ ಹೊತ್ತು ತಿರುಗುವುದು. ಆತಂಕದ ರೋಗಿ ಎರಡನೆಯ ಗುಂಪಿನವನು.

ಈ ಕಾವಲಿನ ಕೆಲಸ ಎಂಥದೆಂದು ನನಗೆ ಗೊತ್ತು. ತರಗತಿಯಲ್ಲಿ ಸೀಮೆಸುಣ್ಣ ಹಿಡಿದ ಕೈ ನಡುಗುವುದು ಕಾಣಬಾರದೆಂದು ಕಪ್ಪುಹಲಗೆಯ ಮೇಲೆ ಬರೆಯುವ ಕೆಲಸವನ್ನು ಒಬ್ಬ ಚುರುಕು ಹುಡುಗನಿಗೆ ಒಪ್ಪಿಸುತ್ತಿದ್ದೆ; ಹುಡುಗರ ಅಕ್ಷರ ಸುಧಾರಿಸಲೆಂದು ಹೀಗೆ ಮಾಡುತ್ತೇನೆಂಬ ಖ್ಯಾತಿಯೂ ಬಂತು. ಮದುವೆಮನೆಗಳಲ್ಲಿ ಚಪ್ಪರದ ನಡುವೆ ಕೂರಲಾರದೆ ಬಾಗಿಲ ಹೊರಗೆ, ಚಪ್ಪಲಿ ಬಿಟ್ಟಿರುವ ಕಡೆ ಕುರ್ಚಿ ಹಾಕಿಕೊಳ್ಳುತ್ತಿದ್ದೆ. ನೆಂಟರಲ್ಲಿ ತುಂಟನೊಬ್ಬ ‘ಮಾಮ ಚಪ್ಪಲಿ ಕಾಯೋಕೆ ಕೂತಾರೆ’ ಎಂದು ಹೆಸರಿಟ್ಟ. ನಾನೂ ನಕ್ಕೆ. ಊಟದ ಪಂಕ್ತಿಯಲ್ಲಿ ಕೊನೆಯ ಎಲೆ, ಸಭೆಯಲ್ಲಿ ಹಿಂದಿನ ಸಾಲು, ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು. ಬದುಕಿನ ಎಲ್ಲ ಅಂಚುಗಳಲ್ಲಿಯೂ ನನಗೊಂದು ಜಾಗ ಗೊತ್ತಾಗಿತ್ತು. ಹೀಗೆ ಮುಚ್ಚಿಡುವುದು ಮೂರ್ಖತನವೆಂದು ನಾನು ಹೇಳಲಾರೆ. ಆಗ ನನಗೆ ಕೆಲಸ ಖಾಯಂ ಆಗಬೇಕಿತ್ತು, ತಂಗಿಯ ಮದುವೆಯಾಗಬೇಕಿತ್ತು. ಮುಚ್ಚಿಡುವವರನ್ನು ಬೈಯುವುದು ಸುಲಭ. ಮುಚ್ಚಿಡದಿದ್ದರೆ ಅವರು ಕಳೆದುಕೊಳ್ಳುವುದೇನೆಂದು ಕೇಳುವವರು ಕಡಿಮೆ. ಆದರೆ ಮುಚ್ಚಿಡುವುದಕ್ಕೆ ಒಂದು ಬೆಲೆಯುಂಟು. ನಡುಗಬಾರದು, ನಡುಗಿದರೆ ಕಂಡುಬಿಡುತ್ತದೆ ಎಂದು ಕೈಯನ್ನೇ ಕಾಯುತ್ತ ಕೂತರೆ ಕೈ ಮತ್ತಷ್ಟು ನಡುಗುತ್ತದೆ. ಭಯಕ್ಕೆ ಭಯಪಡುವ ಭಯವೇ ಮೂಲ ಭಯಕ್ಕಿಂತ ದೊಡ್ಡದಾಗಿ ಬೆಳೆಯುತ್ತದೆ.

ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಮನುಷ್ಯರ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯನ್ನು ಕುರಿತು ಬರೆದ ಗ್ರಂಥದಲ್ಲಿ, ಮುಖ ಕೆಂಪೇರುವುದೊಂದಕ್ಕೇ ಒಂದು ಇಡೀ ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಎಲ್ಲ ಭಾವಗಳಲ್ಲಿ ಅತ್ಯಂತ ಮಾನವೀಯವಾದದ್ದು ಇದೇ ಎಂದು ಅವನ ಮತ. ಇತರರು ನಮ್ಮ ವಿಷಯದಲ್ಲಿ ಏನೆಂದುಕೊಳ್ಳುತ್ತಿದ್ದಾರೆ ಎಂಬ ಯೋಚನೆಯೇ ಅದಕ್ಕೆ ಕಾರಣವೆಂದೂ ಅವನು ಹೇಳುತ್ತಾನೆ. ಆದರೆ ಇತರರು ನಿಜವಾಗಿ ಅಷ್ಟು ಎಂದುಕೊಳ್ಳುತ್ತಾರೆಯೇ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಗಿಲೋವಿಚ್ ಮತ್ತು ಅವರ ಸಹೋದ್ಯೋಗಿಗಳು ನಡೆಸಿ 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದು ಸ್ವಾರಸ್ಯಕರವಾಗಿದೆ. ತೊಟ್ಟುಕೊಳ್ಳಲು ನಾಚಿಕೆಯಾಗುವಂಥ, ಗಾಯಕನೊಬ್ಬನ ಚಿತ್ರವಿದ್ದ ಅಂಗಿಯನ್ನು ಒಬ್ಬ ವಿದ್ಯಾರ್ಥಿಗೆ ತೊಡಿಸಿ, ಇತರರು ಕೂತಿದ್ದ ಕೋಣೆಯೊಳಕ್ಕೆ ಕಳಿಸಿದರು. ಎಷ್ಟು ಜನ ನಿನ್ನ ಅಂಗಿಯನ್ನು ಗಮನಿಸಿರಬಹುದೆಂದು ಆಮೇಲೆ ಕೇಳಿದರೆ, ಹಾಗೆ ಹೋಗಿಬಂದವರು ಸುಮಾರು ಅರ್ಧದಷ್ಟು ಜನ ಎಂದರು. ನಿಜವಾಗಿ ಗಮನಿಸಿದ್ದವರು ಸುಮಾರು ಕಾಲುಭಾಗ ಮಾತ್ರ. ಉಳಿದವರಿಗೆ ತಂತಮ್ಮ ಅಂಗಿಯ ಚಿಂತೆ ಇದ್ದಿರಬೇಕು. ಈ ಲೆಕ್ಕದಲ್ಲಿ ನೋಡಿದರೆ ನನ್ನ ಸೀಮೆಸುಣ್ಣದ ಕೈಯನ್ನು ಕಂಡವರು ನಾನು ಎಣಿಸಿದ್ದಕ್ಕಿಂತ ಬಹಳ ಕಡಿಮೆ.

ಹಾಗಿದ್ದರೂ ಕಂಡವರು ನಗುತ್ತಾರಲ್ಲ, ಆ ನಗೆ ಎಲ್ಲಿಂದ ಬಂತು? ಮಳೆ ಹಿಂದೆಗೆದ ವರ್ಷಗಳಲ್ಲಿ ಗದುಗಿನ ಭಾರತದ ವಿರಾಟಪರ್ವವನ್ನು ಓದಿಸುವ ರೂಢಿ ನಮ್ಮ ನಾಡಿನಲ್ಲಿ ಇದ್ದುದು ಓದುಗರಿಗೆ ತಿಳಿದೇ ಇದೆ. ಬಾಲ್ಯದಲ್ಲಿ ನಾನು ಕೇಳಿದ ಆ ವಾಚನಗಳಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಭಾಗವೆಂದರೆ ಉತ್ತರಕುಮಾರನದು. ಅಂತಃಪುರದ ಹೆಂಗಸರ ಮುಂದೆ ಕೌರವರನ್ನು ಕಾಳಿನಂತೆ ತೂರಿಬಿಡುವೆನೆಂದು ಜಂಬ ಕೊಚ್ಚಿದ ಹುಡುಗ, ಸೇನಾಸಮುದ್ರವನ್ನು ಕಂಡೊಡನೆ ರಥದಿಂದ ಧುಮುಕಿ ಓಡುತ್ತಾನೆ. ಬೃಹನ್ನಳೆಯ ವೇಷದ ಅರ್ಜುನ ಜಡೆ ಹಾರಿಸಿಕೊಂಡು ಅವನ ಹಿಂದೆ ಓಡುತ್ತಾನೆ. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆ ಇಂದಿಗೂ ಮನೆಮನೆಯಲ್ಲಿದೆ. ಭಯಪಟ್ಟವನನ್ನು ನೋಡಿ ನಗುವುದನ್ನು ನಾವು ಕಲಿತದ್ದು ಇಂಥ ಕಡೆ.

ಆದರೆ ಅದೇ ಮಹಾಭಾರತದಲ್ಲಿ, ಅನಂತರ, ಇನ್ನೊಂದು ರಥವಿದೆ. ಅದರಲ್ಲಿ ನಿಂತವನ ಅಂಗಾಂಗಗಳು ಕುಸಿಯುತ್ತವೆ, ಬಾಯಿ ಒಣಗುತ್ತದೆ, ಮೈ ನಡುಗುತ್ತದೆ, ರೋಮ ನಿಮಿರುತ್ತದೆ, ಚರ್ಮ ಉರಿಯುತ್ತದೆ, ತಲೆ ಸುತ್ತುತ್ತದೆ, ಕೈಯಿಂದ ಬಿಲ್ಲು ಜಾರುತ್ತದೆ, ನಿಲ್ಲಲಾರದೆ ಕೂತುಬಿಡುತ್ತಾನೆ. ಭಗವದ್ಗೀತೆಯ ಮೊದಲ ಅಧ್ಯಾಯದಲ್ಲಿ ಬರುವ ಈ ಲಕ್ಷಣಗಳ ಪಟ್ಟಿಯನ್ನು ಇಂದಿನ ಯಾವ ಮನೋವೈದ್ಯರ ಮುಂದಿಟ್ಟರೂ ಅವರು ಗುರುತಿಸುತ್ತಾರೆ. ಉತ್ತರನದು ಪ್ರಾಣಭಯ, ಅರ್ಜುನನದು ಧರ್ಮಸಂಕಟ ಎಂದು ಪಂಡಿತರು ಆಕ್ಷೇಪಿಸಬಹುದು. ಒಪ್ಪಿದೆ, ಕಾರಣಗಳು ಬೇರೆ. ಆದರೆ ನಡುಗಿದ ಮೈ ಒಂದೇ. ಒಬ್ಬನ ನಡುಕಕ್ಕೆ ಸಿಕ್ಕಿದ್ದು ಗಾದೆ, ಇನ್ನೊಬ್ಬನ ನಡುಕಕ್ಕೆ ಸಿಕ್ಕಿದ್ದು ಏಳುನೂರು ಶ್ಲೋಕ.

ಇಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸುವ ಸಂಗತಿ ಇನ್ನೊಂದಿದೆ. ಕೃಷ್ಣ ಕೂಡ ಮೊದಲು ಬೈದೇ ನೋಡಿದ. ಇದು ಗಂಡಸಿಗೆ ತಕ್ಕುದಲ್ಲ, ಎದೆಯ ಈ ದೌರ್ಬಲ್ಯ ಬಿಟ್ಟು ಏಳು ಎಂದ. ಅರ್ಜುನ ಏಳಲಿಲ್ಲ, ಯುದ್ಧ ಮಾಡಲಾರೆನೆಂದು ಮತ್ತೆ ಹೇಳಿ ಸುಮ್ಮನಾದ. ಬೈದರೆ ಧೈರ್ಯ ಬರುವುದಾಗಿದ್ದರೆ ಗೀತೆ ಎರಡನೆಯ ಅಧ್ಯಾಯದ ಮೂರನೆಯ ಶ್ಲೋಕಕ್ಕೇ ಮುಗಿಯಬೇಕಿತ್ತು. ಉತ್ತರನ ವಿಷಯದಲ್ಲಿ ಅರ್ಜುನ ಮಾಡಿದ್ದೇನು? ಹಿಡಿದು ತಂದ ಮೇಲೆ, ನೀನು ಯುದ್ಧ ಮಾಡಬೇಡ, ಸಾರಥ್ಯ ಮಾಡು, ಕಾದುವುದು ನನಗಿರಲಿ ಎಂದ. ಶಮೀವೃಕ್ಷವನ್ನು ಹತ್ತಿಸಿ ಆಯುಧಗಳನ್ನು ಇಳಿಸುವ ಕೆಲಸ ಕೊಟ್ಟ. ನಡುಗುವವನ ಕೈಗೆ ಅವನು ಮಾಡಬಲ್ಲಷ್ಟು ಕೆಲಸವನ್ನು ಕೊಟ್ಟು, ರಥವನ್ನು ಮಾತ್ರ ರಣರಂಗದ ಕಡೆಗೇ ತಿರುಗಿಸಿದ. ಇಂದು ಆತಂಕಕ್ಕೆ ಕೊಡುವ ಮನೋಚಿಕಿತ್ಸೆಯ ತಿರುಳೂ ಇದೇ ಎಂದು ನಾನು ತಿಳಿದದ್ದು ಬಹಳ ವರ್ಷಗಳ ಮೇಲೆ. ಭಯ ಹುಟ್ಟಿಸುವ ಸ್ಥಳದಿಂದ ಓಡಿಸುವುದೂ ಇಲ್ಲ, ಒಮ್ಮೆಗೇ ನೂಕುವುದೂ ಇಲ್ಲ. ಸಣ್ಣ ಸಣ್ಣ ಮೆಟ್ಟಿಲುಗಳಲ್ಲಿ ಅಲ್ಲಿಗೇ ಕರೆದೊಯ್ಯುತ್ತಾರೆ. ನಾನು ಮೊದಲ ವಾರ ನಿಂತ ಬಸ್ಸನ್ನು ಹತ್ತಿ ಇಳಿದೆ. ಆಮೇಲೆ ಒಂದು ನಿಲ್ದಾಣದವರೆಗೆ ಹೋಗಿ ನಡೆದು ಬಂದೆ. ಹೊನ್ನಾಳಿ ತಲುಪಲು ಎರಡು ತಿಂಗಳು ಹಿಡಿಯಿತು. ಭಯ ಹೋದ ಮೇಲೆ ಬಸ್ಸು ಹತ್ತಿದ್ದಲ್ಲ; ಹತ್ತಿದ ಮೇಲೆ ಅದು ಇಷ್ಟಿಷ್ಟೇ ಕಡಿಮೆಯಾಯಿತು.

ಗಾಂಧೀಜಿಯವರ ಆತ್ಮಕಥೆ ಓದಿದವರಿಗೆ ನೆನಪಿರಬಹುದು. ಬ್ಯಾರಿಸ್ಟರ್ ಆಗಿ ಬಂದ ಹೊಸತರಲ್ಲಿ ಮುಂಬಯಿಯ ಸಣ್ಣ ನ್ಯಾಯಾಲಯವೊಂದರಲ್ಲಿ ಪಾಟೀಸವಾಲಿಗೆ ಎದ್ದು ನಿಂತ ಅವರಿಗೆ ಎದೆ ಕುಸಿದು, ತಲೆ ತಿರುಗಿ, ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಶುಲ್ಕ ಹಿಂದಿರುಗಿಸಿ ಹೊರಬಿದ್ದರು. 1924ರಲ್ಲಿ ನಮ್ಮ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷಪೀಠದಲ್ಲಿ ಕೂತವರು ಇದೇ ಮನುಷ್ಯ. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಅವರು ಮುಂದೆ ದೊಡ್ಡವರಾದದ್ದಲ್ಲ, ಆ ನ್ಯಾಯಾಲಯದ ಗಳಿಗೆಯನ್ನು ಬಣ್ಣ ಹಚ್ಚದೆ ಬರೆದಿಟ್ಟದ್ದು.

ನಮ್ಮ ನಾಚಿಕೆಗೆ ಇನ್ನೊಂದು ಬೇರುಂಟು. ಅದು ಹುಚ್ಚಾಸ್ಪತ್ರೆ ಎಂಬ ಪದ. ಎದೆ ನಡುಗುವುದಕ್ಕೂ ಬುದ್ಧಿ ಕದಡುವುದಕ್ಕೂ ಸಂಬಂಧವಿಲ್ಲದಿದ್ದರೂ ಮನಸ್ಸಿನ ಡಾಕ್ಟರು ಎಂದ ಕೂಡಲೆ ನಮ್ಮ ಜನರ ಕಣ್ಣಿಗೆ ಕಟ್ಟುವುದು ಅದೊಂದೇ ಕಟ್ಟಡ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಬೆಂಗಳೂರಿನಲ್ಲಿದ್ದ ಆ ಸಂಸ್ಥೆಯ ಹೆಸರನ್ನು 1925ರಲ್ಲಿಯೇ ಮೈಸೂರು ಸರ್ಕಾರ ಬದಲಿಸಿ ಮಾನಸಿಕ ಆಸ್ಪತ್ರೆ ಎಂದು ಕರೆಯಿತು. 1954ರಲ್ಲಿ ಅದರ ಪಕ್ಕದಲ್ಲಿ ಅಖಿಲ ಭಾರತ ಸಂಸ್ಥೆಯೊಂದು ಹುಟ್ಟಿತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಬೋರ್ಡಿನ ಮೇಲೆ ಪದ ಬದಲಾಗಿ ನೂರು ವರ್ಷವಾಯಿತು, ಬಾಯಲ್ಲಿ ಇನ್ನೂ ಬದಲಾಗಿಲ್ಲ. ಬದಲಾಗಿದ್ದರೆ ಹೀಗೆ: ಈಗ ತಮಾಷೆಗೆ ‘ಇವನನ್ನ ನಿಮ್ಹಾನ್ಸಿಗೆ ಸೇರಿಸ್ಬೇಕು’ ಎನ್ನುತ್ತಾರೆ. ಆ ತಮಾಷೆಯನ್ನು ಕೇಳುತ್ತ ಪಕ್ಕದಲ್ಲಿ ಕೂತವರಲ್ಲಿ ಅಲ್ಲಿಗೆ ನಿಜವಾಗಿಯೂ ಹೋಗಬೇಕಾದ ಒಬ್ಬನಿರಬಹುದು. ನಿಮ್ಹಾನ್ಸ್ 2015-16ರಲ್ಲಿ ದೇಶದ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಸ್ವಲ್ಪ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ಅಸ್ವಾಸ್ಥ್ಯವಿತ್ತು. ಆತಂಕ, ಖಿನ್ನತೆಯಂಥ ಸಾಮಾನ್ಯ ಕಾಯಿಲೆಗಳವರಲ್ಲಿ ನೂರಕ್ಕೆ ಎಂಬತ್ತೈದರಷ್ಟು ಜನ ಚಿಕಿತ್ಸೆಯಿಂದ ಹೊರಗೇ ಇದ್ದರು. ಅವರೆಲ್ಲರನ್ನೂ ದೂರವಿಟ್ಟದ್ದು ನಾಚಿಕೆಯೊಂದೇ ಅಲ್ಲ, ದೂರ, ಬಡತನ, ಡಾಕ್ಟರ ಅಭಾವ ಎಲ್ಲವೂ ಉಂಟು. ಆದರೆ ಡಾಕ್ಟರು ಹತ್ತಿರ ಬಂದಾಗಲೂ ನಾಚಿಕೆ ಉಳಿಯುತ್ತದೆ. ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ ನಿಮ್ಹಾನ್ಸಿನವರು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ತರಬೇತಿ ಕೊಟ್ಟು ಊರ ಹತ್ತಿರವೇ ಚಿಕಿತ್ಸೆ ಸಾಧ್ಯವೆಂದು ತೋರಿಸಿದರು. ಆ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಕಾರ್ಯಕ್ರಮ ದೇಶಕ್ಕೆ ಬಂತು. 2014ರಲ್ಲಿ ಮನೋಚೈತನ್ಯ ಎಂಬ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಟನ್ನು ನಮ್ಮ ರಾಜ್ಯ ಆರಂಭಿಸಿತು. ನನ್ನ ಪರಿಚಿತರೊಬ್ಬರು ‘ಮಂಗಳವಾರ ಮಾತ್ರ ಆ ಕಡೆ ಹೋಗಾಕಿಲ್ಲ ಮೇಷ್ಟ್ರೇ, ಯಾರಾದ್ರೂ ನೋಡಿದ್ರೆ?’ ಎಂದರು. ಪಾಪ, ಮಂಗಳವಾರಕ್ಕೂ ಕಳಂಕ ಅಂಟಿತು.

ಕನ್ನಡದಲ್ಲಿ ಈ ವಿಷಯವನ್ನು ಜನರ ಮುಂದಿಟ್ಟವರಿಲ್ಲದೆ ಇಲ್ಲ. ಕೊರವಂಜಿ ಪತ್ರಿಕೆಯಿಂದ ನಾಡನ್ನು ನಗಿಸಿದ ರಾಶಿಯವರು, ಎಂದರೆ ಡಾಕ್ಟರ್ ಎಂ. ಶಿವರಾಂ, ವೃತ್ತಿಯಿಂದ ವೈದ್ಯರು. ಅವರಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು ಹಾಸ್ಯಕ್ಕಲ್ಲ, ಮನಸ್ಸಿನ ವ್ಯಾಪಾರವನ್ನು ಕುರಿತ ‘ಮನಮಂಥನ’ಕ್ಕೆ. ಅನಂತರದ ತಲೆಮಾರಿನಲ್ಲಿ ನಿಮ್ಹಾನ್ಸಿನ ಡಾಕ್ಟರ್ ಸಿ. ಆರ್. ಚಂದ್ರಶೇಖರ್ ಅವರು ಸರಳವಾದ ಪುಸ್ತಕಗಳನ್ನು ಒಂದರ ಮೇಲೊಂದು ಬರೆದರು. ಅಂಥದೊಂದು ಪುಸ್ತಕಕ್ಕೆ ನಾನು ಪಂಚಾಂಗದ ರಟ್ಟು ಹಾಕಿ ಓದಿದೆ.

ಮುಚ್ಚುಮರೆಯ ಭಾರ ಎಲ್ಲರ ಮೇಲೂ ಒಂದೇ ಸಮನಾಗಿ ಬೀಳುವುದಿಲ್ಲ. ಹೆಣ್ಣುಮಕ್ಕಳ ಮೇಲೆ ಅದು ಹೆಚ್ಚು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಡಿಗ್ರಿ ಪರೀಕ್ಷೆಯ ಕೋಣೆಯಿಂದ ಉಸಿರುಕಟ್ಟಿ ಎದ್ದು ಬಂದಳು. ಮರುದಿನ ಹೋಗಲೇ ಇಲ್ಲ. ಅವಳ ತಂದೆ ನನ್ನ ಬಳಿ ಬಂದು, ‘ಮೇಷ್ಟ್ರೇ, ನಿಮಗೆ ಗೊತ್ತಾದದ್ದು ಇಲ್ಲಿಗೇ ಇರ್ಲಿ. ನಾಳೆ ಗಂಡಿನ ಕಡೆಯೋರ ಕಿವಿಗೆ ಬಿದ್ರೆ ಏನು ಗತಿ?’ ಎಂದರು. ಕೆಟ್ಟ ಮನುಷ್ಯರಲ್ಲ; ಲೋಕ ಕಂಡವರು. ಎರಡು ವರ್ಷ ಅವಳು ಮನೆಯಲ್ಲಿಯೇ ಉಳಿದಳು. ಕೇಳಿದವರಿಗೆ ಥೈರಾಯ್ಡ್ ಎಂದು ಹೇಳುತ್ತಿದ್ದರು. ಅದು ಮರ್ಯಾದೆಯ ರೋಗ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಟೆಲಿಮಾನಸ್ ಎಂಬ ಉಚಿತ ದೂರವಾಣಿ ಸೇವೆಯನ್ನು ಆರಂಭಿಸಿತು. 14416 ಎಂಬ ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತಾಡುತ್ತಾರೆ, ಮುಖ ತೋರಿಸಬೇಕಾಗಿಲ್ಲ. ಆ ಹುಡುಗಿ ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತ ಕರೆ ಮಾಡಿದಳಂತೆ. ಆಮೇಲೆ ಚಿಕಿತ್ಸೆಯಾಯಿತು, ಕೆಲವು ತಿಂಗಳು ಮಾತ್ರೆ, ಜೊತೆಗೆ ಮಾತಿನ ಚಿಕಿತ್ಸೆ. ಉಳಿದ ಪತ್ರಿಕೆಗಳನ್ನು ಬರೆದಳು. ನೋಡಲು ಬಂದ ಮೊದಲ ಗಂಡಿಗೆ ತಾನೇ ವಿಷಯ ಹೇಳಿದಳು. ಆ ಸಂಬಂಧ ಮುರಿಯಿತು. ತಂದೆ ಒಂದು ತಿಂಗಳು ಮಾತು ಬಿಟ್ಟರು. ಎರಡನೆಯವನಿಗೂ ಹೇಳಿದಳು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮವ್ವಂಗೂ ಹಿಂಗೇ ಆಗ್ತಿತ್ತು, ನಾವು ಗ್ಯಾಸು ಅಂದ್ಕೊಂಡಿದ್ವಿ’ ಎಂದನಂತೆ.

ಎಲ್ಲರಿಗೂ ಎಲ್ಲವನ್ನೂ ಹೇಳಿಬಿಡಿ ಎಂಬ ಉಪದೇಶವನ್ನು ನಾನು ಒಪ್ಪುವುದಿಲ್ಲ. ಊರಿಗೆ ಡಂಗುರ ಹೊಡೆಸುವುದು ಯಾವ ರೋಗಿಯ ಕರ್ತವ್ಯವೂ ಅಲ್ಲ. ಡಾಕ್ಟರಿಗೆ ಹೇಳಿದ್ದು ಹೊರಗೆ ಹೋಗಬಾರದೆಂಬುದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ರೋಗಿಗೆ ಕೊಟ್ಟಿರುವ ಹಕ್ಕು. ಆದರೆ ಡಾಕ್ಟರಲ್ಲದೆ ಒಬ್ಬರಿಗೋ ಇಬ್ಬರಿಗೋ ಹೇಳಿರಬೇಕು. ಹೇಳುವಾಗ ಕ್ಷಮೆ ಕೇಳುವ ಧಾಟಿಯೂ ಬೇಡ, ಕಣ್ಣೀರೂ ಬೇಡ. ಸಕ್ಕರೆ ಕಾಯಿಲೆಯವರು ಹೇಳುವ ಧಾಟಿ ಸಾಕು. ‘ನನಗೆ ಆತಂಕದ ಕಾಯಿಲೆ ಇದೆ. ಜನಜಂಗುಳಿಯಲ್ಲಿ ಎದೆ ಓಡುತ್ತದೆ. ಹತ್ತು ನಿಮಿಷ ಹೊರಗೆ ನಿಂತು ಬರುತ್ತೇನೆ.’ ನಾನು ಮೊದಲು ಇದನ್ನು ಹೇಳಿದ್ದು ಜೊತೆಯ ಗಣಿತದ ಮೇಷ್ಟರಿಗೆ. ಅವರು ಪೆನ್ನಿನ ಮುಚ್ಚಳ ಹಾಕಿ, ಸುತ್ತ ನೋಡಿ, ತಮಗೆ ಹದಿನಾಲ್ಕು ವರ್ಷದಿಂದ ಸೇತುವೆ ದಾಟಲು ಆಗದೆಂದು ಹೇಳಿದರು. ಹೊನ್ನಾಳಿಯ ತುಂಗಭದ್ರೆಯ ಸೇತುವೆ ಬಂದಾಗ ಅವರು ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂರುವುದನ್ನು ನಾನು ಜಪವೆಂದು ಭಾವಿಸಿದ್ದೆ. ಆಮೇಲೆ ಅಡಿಕೆ ಸುಲಿಯಲು ಕೂತಲ್ಲಿ ನನ್ನ ಅಕ್ಕ ಒಬ್ಬರ ವಿಷಯ ಹೇಳಿದಳು, ಅವರಿಂದ ಇನ್ನೊಬ್ಬರದು ತಿಳಿಯಿತು. ನಮ್ಮೂರ ಹೆಸರು ಕೇಳಿದರೆ ಯಾರಿಗೂ ಸಾಸಿವೆ ನೆನಪಾಗುವುದು ಸಹಜ. ಸಾವಿಲ್ಲದ ಮನೆಯ ಸಾಸಿವೆ ತರಲು ಬುದ್ಧ ಕಿಸಾಗೋತಮಿಯನ್ನು ಕಳಿಸಿದ ಕಥೆ ಎಲ್ಲರಿಗೂ ಗೊತ್ತು. ನಡುಕವಿಲ್ಲದ ಮನೆಯ ಸಾಸಿವೆಯನ್ನು ಹುಡುಕಿದರೆ ಸಾಸ್ವೆಹಳ್ಳಿಯಲ್ಲಿಯೂ ಒಗ್ಗರಣೆಗೆ ಸಾಲುವಷ್ಟು ಸಿಗಲಾರದು.

ಮನೆಯವರಿಗೆ ಎರಡು ಮಾತು ಹೇಳುವುದು ಉಳಿದಿದೆ. ‘ಹೆದರಬೇಡ’ ಎಂಬುದು ಅಪ್ಪಣೆಯಂತೆ ಕೇಳಿಸುತ್ತದೆ. ಅಪ್ಪಣೆ ಪಾಲಿಸಲಾಗದವನಿಗೆ ಮತ್ತೊಂದು ನಾಚಿಕೆ. ‘ಅದರಲ್ಲೇನಿದೆ’ ಎಂಬುದಂತೂ ಬೇಡವೇ ಬೇಡ. ಹಾಗೆಂದು ಅವನ ಕೆಲಸವನ್ನೆಲ್ಲ ನೀವೇ ಮಾಡಿ ಮುಗಿಸುವುದೂ ಉಪಕಾರವಲ್ಲ. ಸಂತೆಯ ಚೀಲ ಒಮ್ಮೆ ಕೈ ಬಿಟ್ಟರೆ ಮತ್ತೆ ಹಿಡಿಯುವುದು ಕಷ್ಟ. ಅಲೆ ಏರಿದಾಗ ಪಕ್ಕದಲ್ಲಿ ಕೂತಿದ್ದು, ಉಸಿರನ್ನು ನಿಧಾನವಾಗಿ ಹೊರಬಿಡಲು ನೆನಪಿಸಿ, ಇಳಿದ ಮೇಲೆ ಅದರ ಮಾತೆತ್ತದೆ ಮುಂದಿನ ಕೆಲಸಕ್ಕೆ ಹೋದರೆ ಸಾಕು. ನನ್ನ ಹೆಂಡತಿ ಶಾಲೆ ಕಲಿತದ್ದು ನಾಲ್ಕನೆಯ ತರಗತಿಯವರೆಗೆ. ಆಕೆಗೆ ಅಮಿಗ್ಡಲವೂ ಗೊತ್ತಿಲ್ಲ, ಗಾಫ್‌ಮನ್ನನೂ ಗೊತ್ತಿಲ್ಲ. ನಾನು ಅಂಗಿ ತೊಟ್ಟು ಹೊರಟು ನಿಂತ ದಿನ, ಕೈಗೆ ಚೀಲ ಕೊಡುತ್ತ ಆಕೆ ಕೇಳುವುದು ಒಂದೇ ಪ್ರಶ್ನೆ: ‘ನಾನೂ ಬರ್ಲೇನ್ರೀ, ಒಬ್ರೇ ಹೋಗ್ತೀರಾ?’ ಕೆಲವು ದಿನ ಬಾ ಎನ್ನುತ್ತೇನೆ, ಕೆಲವು ದಿನ ಒಬ್ಬನೇ ಹೋಗುತ್ತೇನೆ.